ಪೂಜೆಗಿಟ್ಟ ಪತ್ರ

ಸೆಪ್ಟೆಂಬರ್ 18

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಕೆಳಗಿರುವ ನಗಣ್ಯರೇ, ಕುರ್ಚಿ ಸಿಗದೆ ಗೋಡೆಗೆ ಒರಗಿರುವ ಮಾನ್ಯರೇ, ಪ್ರಸಾದ ಯಾವಾಗ ಎಂದು ಬಾಗಿಲ ಕಡೆಗೇ ನೋಡುತ್ತಿರುವ ಸಾಮಾನ್ಯರೇ,

ಹೆದರಬೇಡ ಪುಟ್ಟಿ, ಇದು ನಿನಗೆ ಬರೆದ ಪತ್ರವೇ. ನಿಮ್ಮಣ್ಣನಿಗೆ ತಲೆ ಕೆಟ್ಟಿಲ್ಲ, ಭಾಷಣ ಸಿಕ್ಕಿದೆ. ಎರಡಕ್ಕೂ ಅಂಥ ವ್ಯತ್ಯಾಸವೇನಿಲ್ಲ ಅನ್ನುತ್ತಾಳೆ ನಿಮ್ಮತ್ತಿಗೆ.

ವಿಷಯ ಇಷ್ಟು. ನವರಾತ್ರಿ ಮುಗಿದ ಮಾರನೇ ದಿನ, ವಿಜಯದಶಮಿ ಸಂಜೆ, ನಮ್ಮ ಬೀದಿಯ ಸಮಾಜದವರು "ದೇವಿ ಹಬ್ಬದ ಮಹತ್ವ" ಅಂತ ಒಂದು ಭಾಷಣ ಇಟ್ಟುಕೊಂಡಿದ್ದಾರೆ. ಮೊದಲು ಕರೆದದ್ದು ಕಾಲೇಜಿನ ನಿವೃತ್ತ ಮೇಷ್ಟ್ರನ್ನು. ಅವರಿಗೆ ಕಣ್ಣಿನ ಆಪರೇಷನ್. ಆಮೇಲೆ ವಕೀಲರನ್ನು. ಅವರ ಮನೆಗೆ ಬೀಗರು. ಕೊನೆಗೆ ಯಾರೋ, "ಆ ಬೈಂಡಿಂಗ್ ಅಂಗಡಿಯವನು ಮಾತಿಗೊಂದು ಪ್ರಾಸ ಹಾಕ್ತಾನಲ್ಲ, ಬಿ.ಎ. ಬೇರೆ ಮಾಡಿದಾನೆ, ಅವನನ್ನೇ ಕರೀರಿ" ಅಂದರಂತೆ. ಊರಿನ ಪುಸ್ತಕಕ್ಕೆಲ್ಲ ಬೆನ್ನು ಕಟ್ಟಿಕೊಟ್ಟವನಿಗೆ ಇಪ್ಪತ್ತು ವರ್ಷದ ಮೇಲೆ ಬಾಯಿ ಬಿಡುವ ಯೋಗ ಬಂತು ನೋಡು.

ಅಮ್ಮನಿಗೆ ಹೇಳಿದೆ. "ಏನಂತ ಮಾತಾಡ್ತೀಯೋ?" ಅಂದಳು. "ಮಹತ್ವ" ಅಂದೆ. "ಬೇಗ ಮುಗಿಸಪ್ಪ, ಹೆಂಗಸರಿಗೆ ಮನೇಲಿ ಕೆಲಸ ಇರುತ್ತೆ" ಅಂದಳು. ಇದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಈವರೆಗೆ ಸಿಕ್ಕಿಲ್ಲ.

ಅರ್ಧ ಬರೆದಿದ್ದೇನೆ. ಮೊದಲ ಮೂರು ದಿನ ಶಕ್ತಿಗೆ, ನಡುವಿನ ಮೂರು ದಿನ ಆಸ್ತಿಗೆ, ಕೊನೆಯ ಮೂರು ದಿನ ಪುಸ್ತಕದ ಭಕ್ತಿಗೆ. ಅಂದರೆ ಮೊದಲು ಹೊಡೆಯುವುದನ್ನು ಕಲಿ, ಆಮೇಲೆ ಕೂಡಿಡುವುದನ್ನು ಕಲಿ, ಎರಡರಿಂದಲೂ ಬಿಡುವಾದರೆ ಓದುವುದನ್ನು ಕಲಿ. ದೇವಿ ಕೋಣನನ್ನು ಕೊಂದ ಕಥೆಯೂ ಬರಬೇಕು. ನನ್ನ ಭಾಷಣ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾದರೂ ವಿಷಯಕ್ಕೆ ಹೊಂದುತ್ತದೆ.

ಸಿಕ್ಕಿಹಾಕಿಕೊಂಡಿರುವುದು ಪುಸ್ತಕದ ಪೂಜೆಯಲ್ಲಿ. ಸಪ್ತಮಿ ದಿನ ಮನೆಯಲ್ಲಿರುವ ಅಕ್ಷರವನ್ನೆಲ್ಲ ದೇವಿಯ ಮುಂದೆ ಪೇರಿಸಿ, ಬಟ್ಟೆ ಹೊದಿಸಿ, ದಶಮಿಯವರೆಗೆ ಒಂದಕ್ಷರ ಓದಬಾರದು ಅನ್ನುತ್ತೇವಲ್ಲ, ಯಾಕೆ? ವಿದ್ಯೆಯ ದೇವಿಯನ್ನು ವಿದ್ಯೆ ಬಿಟ್ಟು ಪೂಜಿಸುವುದು ಯಾವ ನ್ಯಾಯ? ನೀನು ಫಸ್ಟ್ ಕ್ಲಾಸು, ನಾನು ಹೇಗೋ ಪಾಸು. ಅಪ್ಪ ಆ ರಾಶಿಯಲ್ಲಿ ನಿನ್ನ ಪುಸ್ತಕವನ್ನು ತುದಿಗೆ, ನನ್ನದನ್ನು ಬುಡಕ್ಕೆ ಇಡುತ್ತಿದ್ದದ್ದು ನೆನಪಿದೆಯಾ? "ಬುನಾದಿ ಗಟ್ಟಿ ಇರಲಿ ಕಣೋ" ಅಂತ ಸಮಾಧಾನ ಬೇರೆ. ಬುನಾದಿ ಇನ್ನೂ ಇಲ್ಲೇ ಇದೆ. ತುದಿಯವಳು ಒಂದು ಸಾಲು ಹೇಳಿಕೊಟ್ಟರೆ ಉಪಕಾರ.

ಅಮ್ಮ ಆರಾಮಾಗಿದ್ದಾಳೆ. ಹೊತ್ತು ಹೋಗಲಿ ಅಂತ ಆಗಾಗ ಸೂಜಿ ದಾರ ಹಿಡಿದು ನಾಲ್ಕು ಪುಸ್ತಕ ಹೊಲಿಯುತ್ತಾಳೆ. ಬೇಡ ಅಂದರೆ ಕೇಳುವುದಿಲ್ಲ.

ನಿನ್ನ ಅಣ್ಣ


ಸೆಪ್ಟೆಂಬರ್ 25

ತೀರ್ಥರೂಪ ಸಮಾನನಾದ ಅಣ್ಣನಿಗೆ ತಂಗಿಯ ನಮಸ್ಕಾರ. ಉಭಯ ಕುಶಲೋಪರಿ.

ಭಾಷಣಕಾರರ ತಂಗಿ ಅಂತ ಆಗಲೇ ಆಸ್ಪತ್ರೆಯಲ್ಲೆಲ್ಲ ಹೇಳಿಕೊಂಡು ಓಡಾಡುತ್ತಿದ್ದೇನೆ. ಎಲ್ಲ ಅಂದರೆ ಎಷ್ಟು, ನೆಲಮಾಳಿಗೆಯ ದಾಖಲೆ ರೂಮಿನಲ್ಲಿ ನಾನು, ಸೂಪರಿಂಟೆಂಡೆಂಟು, ಒಂದು ಇಲಿ. ಮೇಲೆ ಜನ ಹುಟ್ಟುತ್ತಾರೆ, ಸಾಯುತ್ತಾರೆ. ಕೆಳಗೆ ನಾನು ಎರಡಕ್ಕೂ ನಂಬರ್ ಹಾಕಿ ಕಪಾಟಿಗೆ ಸೇರಿಸುತ್ತೇನೆ.

ನೀನು ಕೇಳಿದ ಸಾಲು. ನನಗೆ ಅನ್ನಿಸಿದ್ದು ಹೇಳುತ್ತೇನೆ, ಬೇಕಾದರೆ ಇಟ್ಟುಕೋ. ಓದು ಬಾರದವರಿಗೆ ವರ್ಷವೆಲ್ಲ ಹೇಗಿರುತ್ತದೋ, ಓದು ಬಂದವರಿಗೆ ಆ ಮೂರು ದಿನ ಹಾಗಿರಲಿ ಅಂತ ಆ ನಿಯಮ ಮಾಡಿರಬೇಕು. ಪುಸ್ತಕ ಕಣ್ಣ ಮುಂದೆಯೇ ಇದೆ, ಒಳಗೆ ಏನಿದೆ ಗೊತ್ತಿಲ್ಲ. ಕೈ ಮುಗಿಯಬಹುದು ಅಷ್ಟೆ. ನಾವು ನಮ್ಮಮ್ಮನ ಪಕ್ಕ, ಅವಳ ಸಮಕ್ಕೆ ಕೂರುವ ಹಬ್ಬ ಅದು. ಚಿಕ್ಕವಳಿದ್ದಾಗ ನೋಡಿದ್ದೇನೆ, ಹೊದಿಸಿದ ರಾಶಿಯ ಮುಂದೆ ಅವಳು ಎಷ್ಟು ಹೊತ್ತು ಕೂರುತ್ತಿದ್ದಳು.

ಈಗ ನನ್ನ ಸುದ್ದಿ. ಹನ್ನೊಂದು ವರ್ಷದಿಂದ ಹಂಗಾಮಿಯಾಗಿರುವ ಈ ಕೆಲಸವನ್ನು ಖಾಯಂ ಮಾಡುತ್ತಾರಂತೆ. ನನ್ನ ಹೆಸರು ಪಟ್ಟಿಯಲ್ಲಿ ಮೊದಲನೆಯದು. ನನಗೆ ನಲವತ್ತೊಂದಾಯಿತು. ವಯಸ್ಸಿನ ಮಿತಿಗೆ ಇದೇ ಕೊನೆಯ ಪಟ್ಟಿ. ಮೂಲ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡು ನೋಡಿಯೇ ಸಹಿ ಮಾಡುವುದಂತೆ. ಅವೆಲ್ಲ ಅಪ್ಪನ ಟ್ರಂಕಿನಲ್ಲಿ ಅಲ್ಲೇ ಇವೆ. ಮದುವೆಯಲ್ಲಿ ನಮ್ಮತ್ತೆ "ಹುಡುಗಿ ಬಂದರೆ ಸಾಕು, ಅವಳ ಕಾಗದ ಯಾಕೆ" ಅಂದರಲ್ಲ. ನಮ್ಮ ಯಜಮಾನರು ತೀರಿಹೋಗಿ ಆರು ವರ್ಷವಾದ ಮೇಲೆ ಈಗ ಆ ಕಾಗದವೇ ನನಗೆ ದಿಕ್ಕು. ಇದೆಯಾ ನೋಡಿ ಹೇಳು. ಈಗಲೇ ಕಳಿಸಬೇಡ. ಹಬ್ಬದ ಗಲಾಟೆಯಲ್ಲಿ ಅಂಚೆಯಲ್ಲಿ ಕಳೆದುಹೋದರೆ ಇನ್ನೊಂದು ಸಿಗುವುದಿಲ್ಲ. ಕರೆ ಬಂದ ದಿನ ಕೇಳುತ್ತೇನೆ.

ಇನ್ನು ಮುಂದಿನದನ್ನು ಅಮ್ಮನಿಗೆ ಓದಿ ಹೇಳು. ಒಂದು ಸಾಲೂ ಬಿಡಬೇಡ.

ಅಮ್ಮಾ, ಕೆಲಸ ಖಾಯಂ ಆದರೆ ಎರಡು ರೂಮಿನ ಕ್ವಾರ್ಟರ್ಸ್ ಕೊಡುತ್ತಾರೆ. ನೆಲಮಹಡಿ. ಮೆಟ್ಟಿಲಿಲ್ಲ. ಒಂದು ರೂಮಿಗೆ ಪೂರ್ವದ ಕಿಟಕಿ, ಅದು ನಿನ್ನದು. ನನ್ನ ಜೊತೆ ಬಂದಿರು. ಬರ್ತೀನಿ ಅಂತ ಒಂದು ಮಾತು ಅಣ್ಣನ ಕೈಲಿ ಬರೆಸು.

ನಿನ್ನ ತಂಗಿ


ಅಕ್ಟೋಬರ್ 1

ಖಾಯಮ್ಮನವರಿಗೆ ಹಂಗಾಮಿ ಅಣ್ಣನ ಆಶೀರ್ವಾದ.

ಟ್ರಂಕು ತೆಗೆದೆ. ಅಪ್ಪನ ಕನ್ನಡಕ, ನಿನ್ನ ಬಹುಮಾನದ ಲೋಟ, ಅದರ ಕೆಳಗೆ ಮೇಣದ ಕಾಗದದಲ್ಲಿ ಸುತ್ತಿಟ್ಟ ನಿನ್ನ ಪ್ರಮಾಣಪತ್ರ. ಒಂದು ಮೂಲೆಯೂ ಮಾಸಿಲ್ಲ. ನನ್ನ ಪದವಿ ಪತ್ರವೂ ಅಲ್ಲೇ ಇತ್ತು, ಬೆಳ್ಳಿಹುಳ ಅದನ್ನು ಮೊದಲು ಓದಿ ಆಮೇಲೆ ತಿಂದಿದೆ. ಹುಳಕ್ಕೂ ದರ್ಜೆಯ ವ್ಯತ್ಯಾಸ ತಿಳಿಯುತ್ತೆ ಅಂತಾಯಿತು.

ಈ ಸಲ ಪೂಜೆಯ ರಾಶಿಯಲ್ಲಿ ನಿನ್ನ ಪ್ರಮಾಣಪತ್ರವನ್ನೇ ತುದಿಗೆ ಇಡುತ್ತೇನೆ. ಅಪ್ಪ ಇದ್ದಿದ್ದರೆ ಅದನ್ನೇ ಮಾಡುತ್ತಿದ್ದರು. ಅಪ್ಪ ಹಾಕಿದ ಗೆರೆ ನಿನಗೆ ಗೊತ್ತಲ್ಲ. ಸಪ್ತಮಿ ಮಧ್ಯಾಹ್ನ ಬಟ್ಟೆ ಹೊದಿಸಿದರೆ ದಶಮಿಯವರೆಗೆ ಪೇಪರ್ ಇಲ್ಲ, ಪಂಚಾಂಗ ಇಲ್ಲ, ಔಷಧಿ ಬಾಟಲಿಯ ಮೇಲಿನ ಚೀಟಿಯೂ ಇಲ್ಲ. ಒಂದು ವರ್ಷ ಅವರು ಕೆಮ್ಮಿಗೆ ಬದಲು ಕಾಲುನೋವಿನ ಎಣ್ಣೆ ಕುಡಿದು, "ಓದಿದ್ದರೆ ದೋಷ, ಕುಡಿದರೆ ಮೋಸ ಅಷ್ಟೆ" ಅಂದಿದ್ದರು. ಪ್ರಾಸ ನನಗೆ ಬಂದದ್ದು ಎಲ್ಲಿಂದ ಅಂದುಕೊಂಡೆ?

ನಿನ್ನ ಸಾಲು ಚೆನ್ನಾಗಿದೆ. ಸ್ವಲ್ಪ ತಿದ್ದಿ ಸೇರಿಸಿಕೊಂಡೆ.

ಅಮ್ಮನಿಗೆ ಓದಿ ಹೇಳಿದೆ. ನಕ್ಕಳು. "ಈ ವಯಸ್ಸಿನಲ್ಲಿ ನಾನೆಲ್ಲಿಗೆ ಹೋಗಲಿ, ಇಲ್ಲೇ ಒಗ್ಗಿಹೋಗಿದೆ" ಅಂದಳು. ಬೇಸರ ಮಾಡಿಕೊಳ್ಳಬೇಡ. ಹಳೇ ಪುಸ್ತಕಕ್ಕೆ ಹೊಸ ಕಪಾಟು ಅಂದರೆ ಭಯ.

ಹಬ್ಬದ ಮುಂಚೆ ಎಲ್ಲರಿಗೂ ತಮ್ಮ ತಮ್ಮ ಹರಕು ಪುಸ್ತಕದ ನೆನಪಾಗುತ್ತದೆ. ದೇವಿಯ ಮುಂದೆ ಹೊಸ ಅಂಗಿ ಹಾಕಿಸಿ ನಿಲ್ಲಿಸಬೇಕಲ್ಲ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಅಂಟಿನ ಪಾತ್ರೆ ಒಲೆಯಿಂದ ಇಳಿದಿಲ್ಲ. ಆದ್ದರಿಂದ ಇಲ್ಲಿಗೇ ಮುಕ್ತಾಯ, ಓದುವವಳಿಗೆ ಜಯ.

ಅಣ್ಣ


ಅಕ್ಟೋಬರ್ 7

ಅಣ್ಣಾ,

ಕುಶಲದ ಮಾತೆಲ್ಲ ಆಮೇಲೆ. ಕರೆ ಬಂತು. ಅಕ್ಟೋಬರ್ 15, ಬೆಳಿಗ್ಗೆ ಹನ್ನೊಂದು ಗಂಟೆ. ಮೂಲ ಪ್ರಮಾಣಪತ್ರ ಕೈಯಲ್ಲಿ ಹಿಡಿದು ನಿಲ್ಲಬೇಕು. ನಕಲು ನಡೆಯುವುದಿಲ್ಲ. ಅವತ್ತು ತೋರಿಸದಿದ್ದರೆ ಎರಡನೆಯ ಹೆಸರನ್ನು ಕರೆಯುತ್ತಾರೆ.

ನಾನೇ ಬಂದು ಒಯ್ಯೋಣ ಅಂತ ಸೂಪರಿಂಟೆಂಡೆಂಟರನ್ನು ರಜೆ ಕೇಳಿದೆ. "ಹೋಗಮ್ಮ, ಧಾರಾಳವಾಗಿ ಹೋಗು. ಖಾಯಂ ಆಗೋವರೆಗೆ ಒಂದು ದಿನ ಬಿಟ್ಟರೂ ಹನ್ನೊಂದು ವರ್ಷ ಮತ್ತೆ ಸೊನ್ನೆಯಿಂದ ಶುರು" ಅಂದರು. ನಗುತ್ತಲೇ ಅಂದರು.

ಆದ್ದರಿಂದ ಹೀಗೆ ಮಾಡು. ಈ ಪತ್ರ ನಿನಗೆ ಹನ್ನೊಂದನೇ ತಾರೀಕು ಸಿಗಬಹುದು. ಸಿಕ್ಕ ದಿನವೇ ಸಂಜೆ ಐದರ ಬಸ್ಸಿನ ಡ್ರೈವರ್ ಕೈಗೆ ಕವರು ಕೊಡು. ಮಾರನೇ ದಿನ ಮಧ್ಯಾಹ್ನಕ್ಕೆ ಬಸ್ಸು ಇಲ್ಲಿರುತ್ತದೆ. ನಾನು ನಿಲ್ದಾಣದಲ್ಲಿ ಕಾದಿರುತ್ತೇನೆ. ಹನ್ನೊಂದು ತಪ್ಪಿದರೆ ಹನ್ನೆರಡು, ಹದಿಮೂರಕ್ಕಾದರೂ ಸರಿ. ಹದಿನಾಲ್ಕರ ಬಸ್ಸಿಗೆ ಹಾಕಿದರೆ ಪ್ರಯೋಜನವಿಲ್ಲ. ಅದು ಬರುವ ಹೊತ್ತಿಗೆ ಹನ್ನೊಂದು ಗಂಟೆ ದಾಟಿರುತ್ತದೆ.

ರಾಶಿಗೆ ಇಟ್ಟಿದ್ದರೂ ತೆಗೆ. ದೋಷ ಬಂದರೆ ನನಗೆ ಬರಲಿ. ಅಪ್ಪನಿಗೆ ಸಿಟ್ಟು ಬಂದರೆ ನಾನು ಮೇಲೆ ಹೋದಾಗ ಕಾಲು ಹಿಡಿದುಕೊಳ್ಳುತ್ತೇನೆ.

ಅಮ್ಮನಿಗೆ ಓದಿ ಹೇಳು: ಅಮ್ಮಾ, ಬರಲ್ಲ ಅಂದೆಯಂತೆ. ಬಲವಂತವಿಲ್ಲ. ಆದರೂ ಮೊನ್ನೆ ಕ್ವಾರ್ಟರ್ಸ್ ಹೊರಗಿನಿಂದ ನೋಡಿಬಂದೆ. ಆ ಪೂರ್ವದ ಕಿಟಕಿಯ ಹತ್ತಿರ ಒಂದು ಕುರ್ಚಿ ಹಾಕುತ್ತೇನೆ. ನೀನು ಬಂದರೂ ಹಾಕುತ್ತೇನೆ, ಬಾರದಿದ್ದರೂ ಹಾಕುತ್ತೇನೆ.

ತಂಗಿ


ಅಕ್ಟೋಬರ್ 12 (ತಂತಿ)

ಪತ್ರ ತಲುಪಿತೇ. ಪ್ರಮಾಣಪತ್ರ ಇಂದೇ ಬಸ್ಸಿಗೆ ಕೊಡು. ತಪ್ಪಿದರೆ ನಾಳೆ. ತಂಗಿ.


ಅಕ್ಟೋಬರ್ 15

ಚಿ. ತಂಗಿಗೆ ದೇವಿಯ ಕೃಪೆಯಿರಲಿ.

ಯಾವ ಬಾಯಲ್ಲಿ ಹೇಳಲಿ? ನಿನ್ನೆ ಭಾಷಣ ಮುಗಿಸಿ ಬಂದು, ದೇವಿಗೆ ಆರತಿ ಮಾಡಿ, ರಾಶಿಯ ಬಟ್ಟೆ ತೆಗೆದು, ಪದ್ಧತಿಯಂತೆ ಮೊದಲು ಕೈಗೆ ಬಂದದ್ದನ್ನು ಓದೋಣ ಅಂತ ತೆಗೆದರೆ ನಿನ್ನ ಪತ್ರ. ಓದಿ ಅಲ್ಲೇ ಕುಸಿದು ಕೂತೆ. ಆಗ ಗಂಟೆ ಏಳೂವರೆ. ಬಸ್ಸು ಹೋಗಿ ಎರಡೂವರೆ ಗಂಟೆಯಾಗಿತ್ತು.

ನಡೆದದ್ದು ಹೀಗೆ. ಸಪ್ತಮಿ ದಿನ ಬಟ್ಟೆ ಹೊದಿಸುವ ಹೊತ್ತಿಗೆ ಸರಿಯಾಗಿ ಅಂಚೆಯವನು ಬಂದ. ಕವರಿನ ಮೇಲೆ ನಿನ್ನ ಅಕ್ಷರ. ಅಮ್ಮ, "ನನ್ನ ಮಗಳದ್ದಾ? ಒಂದೇ ಒಂದು ಸಾಲು ಓದೋ" ಅಂದಳು. "ಅಪ್ಪ ಹಾಕಿದ ಗೆರೆ ಅಮ್ಮಾ, ಅಕ್ಷರ ಅಂದರೆ ಅಕ್ಷರ, ಪತ್ರಕ್ಕೇನು ವಿನಾಯಿತಿ?" ಅಂತ ಅದನ್ನೂ ರಾಶಿಗೆ ಸೇರಿಸಿದೆ. ಅವಳೇ ಅದಕ್ಕೆ ಕುಂಕುಮ ಹಚ್ಚಿದಳು. ಮೂರು ದಿನವೂ ಬಿಡುವಾದಾಗಲೆಲ್ಲ ಅದರ ಮುಂದೆಯೇ ಕೂತಿದ್ದಳು.

ಅಷ್ಟಮಿ ದಿನ ತಂತಿ. ತಂತಿ ಅಂದಕೂಡಲೇ ಅಮ್ಮ ಎದೆ ಹಿಡಿದುಕೊಂಡಳು. ತಂದವನು "ಗಾಬರಿಯಾಗಬೇಡಿ, ಸಾವಲ್ಲ" ಅಂದ. ಸಾವಲ್ಲ ಅಂದಮೇಲೆ ಕಾಯಬಹುದು ಅಂತ ಅದೂ ಬಟ್ಟೆಯ ಕೆಳಗೆ ಹೋಯಿತು.

ನವಮಿ ದಿನ ನೀನು ಎದುರಿನ ಔಷಧಿ ಅಂಗಡಿಗೆ ಫೋನ್ ಮಾಡಿದ್ದೆಯಂತೆ. ಅವತ್ತು ನನಗೆ ಮೌನವ್ರತ. ಆಯುಧ ಪೂಜೆ ಬೇರೆ. ಕಟಿಂಗ್ ಮೆಷಿನ್ನು, ದಬ್ಬಳ, ಅಂಟಿನ ಬ್ರಷ್ಷು ಎಲ್ಲಕ್ಕೂ ಅರಿಸಿನ ಕುಂಕುಮ. ಔಷಧಿ ಅಂಗಡಿಯವರು ಬಾಗಿಲಲ್ಲಿ ನಿಂತು, "ನಿಮ್ಮ ತಂಗಿ ಲೈನಲ್ಲಿದಾರೆ ಸಾರ್" ಅಂದರು. ನಾನು ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದೆ. ವರ್ಷದಲ್ಲಿ ಒಂದು ದಿನ ಬಾಯಿ ಮುಚ್ಚಿದೆ, ಅದಕ್ಕೇ ಇಷ್ಟು ದಂಡ ತೆತ್ತೆ.

ಭಾಷಣ ಚೆನ್ನಾಯಿತು. ಆ "ಅಮ್ಮನ ಸಮಕ್ಕೆ ಕೂರುವ ಹಬ್ಬ" ಅನ್ನುವ ಕಡೆ ಮುಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಧ್ಯಕ್ಷರು ಎದ್ದುನಿಂತು, "ಇಂಥ ಮಾತು ಹೆತ್ತವಳ ಋಣ ಬಲ್ಲ ಮಗನಿಗೆ ಮಾತ್ರ ಹೊಳೆಯುತ್ತೆ" ಅಂದರು. ಶಾಲು ಹೊದಿಸಿದರು. ಯಾರ ಸಾಲು ಅಂತ ಹೇಳಲು ಅವಕಾಶವಾಗಲಿಲ್ಲ. ಹೇಳಿದ್ದರೆ ಅಧ್ಯಕ್ಷರಿಗೆ ಅವಮಾನವಾಗುತ್ತಿತ್ತು.

ಪ್ರಮಾಣಪತ್ರವನ್ನು ಇವತ್ತೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ದೇವಿಯ ಪಾದದ ಹತ್ತಿರ ಮೂರು ದಿನ ಇದ್ದು ಬರುತ್ತಿದೆ. ಅಧಿಕಾರಿಗಳು ಮನುಷ್ಯರಲ್ಲವೇ, ಕಾಲು ಹಿಡಿದು ಕೇಳು. ಹಣೆಯಲ್ಲಿ ಬರೆದದ್ದು, ಮೊಣಕೈಯಿಂದ ಒರೆಸಿದರೆ ಹೋದೀತೇ?

ನೊಂದ ಅಣ್ಣ


ಅಕ್ಟೋಬರ್ 20

ಅಣ್ಣನಿಗೆ ನಮಸ್ಕಾರ.

ಪ್ರಮಾಣಪತ್ರ ಹದಿನೆಂಟಕ್ಕೆ ಬಂತು. ಒಂದು ಮೂಲೆಯಲ್ಲಿ ಕುಂಕುಮ ಹತ್ತಿದೆ. ಒರೆಸಲು ಹೋಗಲಿಲ್ಲ, ಹಿಡಿದುಕೊಂಡು ಆಫೀಸಿಗೆ ಓಡಿದೆ.

ಹದಿನೈದರಂದು ಏನಾಯಿತು ಅಂತ ಕೇಳು. ಹತ್ತು ಗಂಟೆಯಿಂದ ಆ ಬಾಗಿಲ ಹೊರಗೆ ನಿಂತಿದ್ದೆ. ಹಿಂದಿನ ಮೂರು ದಿನವೂ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಮೂರನೇ ದಿನ ನಾನು ಕೇಳುವ ಮೊದಲೇ ಡ್ರೈವರು ತಲೆಯಾಡಿಸಿಬಿಟ್ಟ. ಹನ್ನೊಂದಕ್ಕೆ ನನ್ನ ಹೆಸರು ಕರೆದರು. ಬರಿಗೈಯಲ್ಲಿ ಒಳಗೆ ಹೋದೆ. "ಪುಸ್ತಕ ಪೂಜೆಗೆ ಇಟ್ಟಿದಾರೆ ಸಾರ್, ಬರುತ್ತೆ" ಅಂದೆ. ಮೇಜಿನ ಆಚೆ ಮೂರು ಜನ. ನಡುವಿನವರು ನಗಲಿಲ್ಲ. ಅಕ್ಕಪಕ್ಕದವರು ನಕ್ಕರು. ಒಬ್ಬರು, "ದೇವರು ಎಲ್ಲೂ ಹೋಗಲ್ಲಮ್ಮ, ಪಟ್ಟಿ ಹೋಗುತ್ತೆ" ಅಂದರು. ಎರಡನೇ ಹೆಸರಿನ ಹುಡುಗಿಯನ್ನು ಕರೆದರು. ಅವಳಿಗೆ ಇಪ್ಪತ್ಮೂರು. ನನ್ನ ಮುಖ ನೋಡದೆ ಒಳಗೆ ಹೋದಳು.

ಹದಿನೆಂಟಕ್ಕೆ ಪ್ರಮಾಣಪತ್ರ ಮುಂದೆ ಹಿಡಿದಾಗ ಗುಮಾಸ್ತ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, "ಎಷ್ಟು ಚೆನ್ನಾಗಿ ಇಟ್ಟಿದೀರಿ" ಅಂದ. ಅಷ್ಟೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಸುಮ್ಮನೆ ಹೇಳಿದ್ದಾರೆಯೇ?

ಖಾಯಂ ಆದವಳು ಬಂದಮೇಲೆ ಹಂಗಾಮಿ ಯಾಕೆ? ಈ ತಿಂಗಳು ಮೂವತ್ತೊಂದಕ್ಕೆ ನನ್ನನ್ನು ಬಿಡುಗಡೆ ಮಾಡುತ್ತಾರೆ. ಅಲ್ಲಿಯವರೆಗೆ ಅವಳಿಗೆ ಕೆಲಸ ಕಲಿಸಬೇಕಂತೆ. ಕಲಿಸುತ್ತಿದ್ದೇನೆ. ಪಾಪ, ಚುರುಕಾಗಿದ್ದಾಳೆ. ನಿನ್ನೆ ಕೇಳಿದಳು, "ಅಕ್ಕಾ, ಆ ಕ್ವಾರ್ಟರ್ಸಲ್ಲಿ ಪೂರ್ವದ ರೂಮು ಚೆನ್ನಾಗಿದೆಯಾ, ಪಶ್ಚಿಮದ್ದಾ?" ಪೂರ್ವದ್ದು ಅಂದೆ.

ನೀನು ಕೊರಗಬೇಡ ಅಣ್ಣಾ. ನಿನ್ನ ತಪ್ಪೇನಿದೆ? ಅಪ್ಪನ ಪದ್ಧತಿಯನ್ನು ನೀನೊಬ್ಬನಾದರೂ ಉಳಿಸಿಕೊಂಡಿದ್ದೀಯ. ಈಗಲೇ ಕಳಿಸಬೇಡ ಅಂತ ಜಾಣತನ ಮಾಡಿದವಳು ನಾನು. ಹಬ್ಬದ ದಿನಗಳನ್ನು ಲೆಕ್ಕ ಹಾಕದೆ ಬರೆದವಳೂ ನಾನೇ. ನಿನ್ನ ಪತ್ರ ಓದಿ, ಬಟ್ಟೆ ತೆಗೆದಾಗ ನಿನಗೆ ಹೇಗಾಗಿರಬೇಕು ಅಂತ ನೆನೆದು ಅತ್ತೆ. ನನಗಾಗಿ ಅಲ್ಲ.

ಒಂದೇ ಒಂದು ಕೇಳಿಕೆ. ನವೆಂಬರ್ ಎರಡರ ಬಸ್ಸಿಗೆ ಹೊರಟು ಬರುತ್ತೇನೆ. ಹತ್ತು ದಿನ ಇದ್ದು ಮುಂದಿನದು ಯೋಚಿಸುತ್ತೇನೆ. ಅಂಗಡಿಯ ಮೂಲೆಯಲ್ಲಿ ಜಾಗ ಸಾಕು. ಅಮ್ಮನ ಪಕ್ಕ ಸುಮ್ಮನೆ ಕೂರಬೇಕು ಅನ್ನಿಸುತ್ತಿದೆ. ನನ್ನ ಪತ್ರಕ್ಕೆ ಅವಳು ಏನಂದಳು ಅಂತ ನೀನು ಬರೆಯಲೇ ಇಲ್ಲ.

ತಂಗಿ


ಅಕ್ಟೋಬರ್ 26

ಅಧ್ಯಕ್ಷರಿಲ್ಲದ ಸಭೆಯ ಏಕೈಕ ಸಭಿಕಳೇ,

ತಮ್ಮ ಆಗಮನದ ಸುದ್ದಿ ತಿಳಿದು ಸ್ವಾಗತ ಸಮಿತಿಯು ತುರ್ತು ಸಭೆ ಸೇರಿತು. ಸಮಿತಿ ಅಂದರೆ ನಾನು ಮತ್ತು ನಿಮ್ಮತ್ತಿಗೆ. ಬರುವುದು ತುಂಬ ಸಂತೋಷ, ಆದರೆ ಈಗಲೇ ಬೇಡ ಅಂತ ಬಹುಮತದ ನಿರ್ಣಯ. ಕಾರಣಗಳು: ಒಂದು, ಅಂಗಡಿಗೆ ಸುಣ್ಣ ಹೊಡೆಸುತ್ತಿದ್ದೇವೆ, ರಟ್ಟು ಕಾಗದವೆಲ್ಲ ಒಳಮನೆಗೆ ಬಂದು ಮನುಷ್ಯರು ಹೊರಗೆ ನಿಂತಿದ್ದಾರೆ. ಎರಡು, ನಿಮ್ಮತ್ತಿಗೆಯ ತಮ್ಮ ಸಂಸಾರ ಸಮೇತ ಬಂದು ಕೂತಿದ್ದಾನೆ, ಏಳುವ ಲಕ್ಷಣವಿಲ್ಲ. ಮೂರು, ಅಮ್ಮನಿಗೆ ನೆಗಡಿ, ನಿನಗೂ ಹತ್ತಿದರೆ ಕಷ್ಟ. ಕಾರಣ ಮೂರು, ಇಲ್ಲ ಅನ್ನುವವರು ಯಾರು? ಸಂಕ್ರಾಂತಿಯ ಹೊತ್ತಿಗೆ ನಿಧಾನವಾಗಿ ಬಾ. ಅಷ್ಟರಲ್ಲಿ ಅಲ್ಲೇ ಇನ್ನೊಂದು ಕೆಲಸ ಸಿಕ್ಕರೂ ಸಿಕ್ಕಬಹುದು. ಕುಳಿತು ಉಂಬವಗೆ ಕುಡಿಕೆ ಹೊನ್ನು ಸಾಲದು, ಅಂದಮೇಲೆ

ಮೇಲಿನ ವಾಕ್ಯ ಮುಗಿಸಲಾಗಲಿಲ್ಲ. ಪೆನ್ನು ಕೆಳಗಿಟ್ಟು ಅಂಗಡಿ ಸುತ್ತಿ ಬಂದು ಮತ್ತೆ ಕೂತಿದ್ದೇನೆ. ಸುಣ್ಣ ಹೊಡೆಸುತ್ತಿಲ್ಲ. ಅತ್ತಿಗೆಯ ತಮ್ಮ ಬಂದಿಲ್ಲ. ಅಮ್ಮನಿಗೆ ನೆಗಡಿಯಿಲ್ಲ.

ನೀನು ಬಂದು ಬಾಗಿಲು ತಟ್ಟಿದರೆ ತೆಗೆಯುವವಳು ಅಮ್ಮ. ಅವಳು ನಿನ್ನ ಮುಖ ನೋಡದೆ ಒಳಗೆ ಹೋಗುತ್ತಾಳೆ. ಯಾಕೆ ಅಂತ ನೀನು ಕೇಳುತ್ತೀಯ, ಅವಳು ಹೇಳುತ್ತಾಳೆ. ಅವಳ ಬಾಯಿಂದ ಕೇಳುವುದಕ್ಕಿಂತ ನನ್ನ ಕೈಯಿಂದ ಓದು.

ನಿನ್ನ ಪತ್ರ ಬಂದದ್ದು ಸಪ್ತಮಿ ಬೆಳಿಗ್ಗೆ ಹತ್ತೂವರೆಗೆ. ಬಟ್ಟೆ ಹೊದಿಸಿದ್ದು ಹನ್ನೆರಡೂವರೆಗೆ. ಅಮ್ಮ ಸ್ನಾನಕ್ಕೆ ಹೋಗಿದ್ದಳು. ಅಂಟಿನ ಪಾತ್ರೆಯ ಆವಿಗೆ ಕವರು ಹಿಡಿದೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಒಂದು ಕವರು ಬಿಡಿಸುವುದು ಎಷ್ಟು ಹೊತ್ತು? ಎರಡು ಸಲ ಓದಿದೆ. ಐದರ ಬಸ್ಸಿಗೆ ಆರೂವರೆ ಗಂಟೆ ಇತ್ತು. ಪ್ರಮಾಣಪತ್ರ ಇನ್ನೂ ಟ್ರಂಕಿನಲ್ಲೇ ಇತ್ತು. ಕವರಿಗೆ ಮತ್ತೆ ಅಂಟು ಹಚ್ಚಿ ಒಣಗಿಸಿ, ಅಮ್ಮ ಹೊರಗೆ ಬಂದಾಗ ಈಗ ತಾನೇ ಬಂತು ಅನ್ನುವ ಹಾಗೆ ಕೈಯಲ್ಲಿ ಹಿಡಿದುಕೊಂಡೆ. ತಂತಿಯನ್ನು ಬಾಗಿಲಲ್ಲೇ ಓದಿದೆ. ಮೌನವ್ರತವನ್ನು ಔಷಧಿ ಅಂಗಡಿಯವರು ಬೀದಿ ದಾಟುವುದನ್ನು ನೋಡಿ ಹಿಡಿದೆ.

ನಿಮ್ಮತ್ತಿಗೆ, "ನಿಮ್ಮ ತಂಗಿಗೆ ಕೆಲಸ ಆದರೆ ಅತ್ತೆ ಹೊರಡ್ತಾರೆ. ದಿನಕ್ಕೆ ನಲವತ್ತು ಪುಸ್ತಕ ಹೊಲಿಯೋ ಕೈ ಎಲ್ಲಿಂದ ತರ್ತೀರಿ?" ಅಂದಳು. ಅವಳ ಮೇಲೆ ಹಾಕುತ್ತಿಲ್ಲ. ಅವಳು ಅನ್ನುವ ಹೊತ್ತಿಗೆ ಅಂಟು ಒಣಗಿತ್ತು. ನಲವತ್ತು ನಿಜ. ಹೊತ್ತು ಹೋಗಲಿ ಅಂತ ನಾಲ್ಕು ಹೊಲಿಯುತ್ತಾಳೆ ಅಂತ ಬರೆದಿದ್ದೆನಲ್ಲ. ಬೆಳಕು ಬಂದಾಗ ಕೂತರೆ ಬೆಳಕು ಹೋದಾಗ ಏಳುತ್ತಾಳೆ. ಹೊಲಿಗೆಯದೊಂದೇ ಕಾರಣ ಅಂದರೆ ನಾನು ಇನ್ನೂ ಸುಳ್ಳು ಹೇಳುತ್ತಿದ್ದೇನೆ. ಮೇಣದ ಕಾಗದ ಬಿಚ್ಚಿದಾಗ ನಿನ್ನದು ಮಾಸದೆ ಇತ್ತು, ನನ್ನದು ಪುಡಿಯಾಗಿತ್ತು. ಅಪ್ಪ ಸುತ್ತಿಟ್ಟದ್ದು ನಿನ್ನದನ್ನು ಮಾತ್ರ.

ಇನ್ನೊಂದಿದೆ. ಸೆಪ್ಟೆಂಬರಿನ ನಿನ್ನ ಪತ್ರ ಓದಿ ಹೇಳಿದಾಗ ಅಮ್ಮ ಬರಲ್ಲ ಅನ್ನಲಿಲ್ಲ. "ಬರ್ತೀನಿ ಅಂತ ಬರಿ, ಈಗಲೇ ಬರಿ" ಅಂದಳು. ಅವತ್ತೇ ಎರಡು ಸೀರೆ ಮಡಿಸಿ ಚೀಲಕ್ಕೆ ಹಾಕಿ ಹೊಲಿಯುವ ಜಾಗದ ಹಿಂದಿನ ಮೊಳೆಗೆ ನೇತುಹಾಕಿದಳು. ಪೂಜೆಗೆ ಇಟ್ಟ ಕವರಿನ ಮುಂದೆ ಮೂರು ದಿನ ಕೂತದ್ದು ಯಾವತ್ತು ಹೊರಡಬೇಕು ಅಂತ ಅದರಲ್ಲಿದೆ ಅಂದುಕೊಂಡು.

ದಶಮಿ ದಿನ ಬಟ್ಟೆ ತೆಗೆದಾಗ ಪಕ್ಕದಲ್ಲೇ ಇದ್ದಳು. "ಓದು" ಅಂದಳು. ಹೆಗಲ ಮೇಲೆ ಸಮಾಜದವರು ಹೊದಿಸಿದ ಶಾಲು ಇನ್ನೂ ಇತ್ತು. ನಿನ್ನ ಪತ್ರ ಬಿಡಿಸಿ, ಸಾಲಿನ ಮೇಲೆ ಬೆರಳಿಟ್ಟುಕೊಂಡು ಓದಿದೆ. "ಅಮ್ಮಾ, ಮನೆ ಚಿಕ್ಕದು, ನೀನು ಬಂದರೆ ನನಗೆ ಕಷ್ಟ. ಅಣ್ಣನ ಹತ್ತಿರವೇ ಇದ್ದುಬಿಡು. ಮತ್ತೆ ಮತ್ತೆ ಬರೆಸಬೇಡ."

ಇನ್ನೊಂದು ಸಲ ಓದು ಅನ್ನಲಿಲ್ಲ. ಎದ್ದು ಚೀಲದಿಂದ ಸೀರೆ ತೆಗೆದು ಹಗ್ಗದ ಮೇಲೆ ಹಾಕಿದಳು. ಅಲ್ಲಿ ನಿಂತೇ, ನನ್ನ ಕಡೆ ತಿರುಗದೆ, "ಅವಳ ಅಕ್ಷರ ಈಗಲೂ ದುಂಡಗೇ ಇದೆಯಾ?" ಅಂತ ಕೇಳಿದಳು.

ಇದೆ ಅಂದೆ.